ಬಲದಿಂದ ಎಡಕ್ಕೆ ಮಾತು, ಎಡದಿಂದ ಬಲಕ್ಕೆ ಸ್ವರ: ಸಾಲಮೋನೆ ರೋಸ್ಸಿಯ ಕತೆ

ರೋಸ್ಸಿ ಅಂದ ಕೂಡಲೇ ನಮ್ಮಲ್ಲಿ ಮುಕ್ಕಾಲು ಜನಕ್ಕೆ ನೆನಪಾಗೋದು ಬೈಕ್ ರೇಸರ್ ವ್ಯಾಲೆಂಟಿನೊ ರೋಸ್ಸಿ. ಹಾಸ್ಟೆಲ್ ರೂಮಿನ ಗೋಡೆಗೆ 46 ನಂಬರಿನ ಪೋಸ್ಟರ್ ಅಂಟಿಸಿಕೊಂಡವರೂ ಇದ್ದಾರೆ. ಈ ಸಲ ನಾವು ಹೇಳಹೊರಟಿರೋದು ಅದೇ ಇಟಲಿಯ ಇನ್ನೊಬ್ಬ ರೋಸ್ಸಿಯ ಬಗ್ಗೆ. ಈತ ಬದುಕಿದ್ದು 400 ವರ್ಷಗಳ ಹಿಂದೆ. ಹೆಸರು ಸಾಲಮೋನೆ ರೋಸ್ಸಿ. ವೃತ್ತಿ ಪಿಟೀಲು ನುಡಿಸೋದು ಮತ್ತು ಸಂಗೀತ ರಚಿಸೋದು. ಯಹೂದಿಗಳ ಪ್ರಾರ್ಥನೆಗೆ, ಅವರದೇ ಹೀಬ್ರೂ ಭಾಷೆಯಲ್ಲಿ, ಹಲವು ಧ್ವನಿಗಳ ಸಮೂಹಗಾನ ಬರೆದು ಅಚ್ಚು ಹಾಕಿಸಿದ ಮೊದಲಿಗ ಈತ. ಆ ಪುಸ್ತಕ ಬಂದ ಕೆಲವೇ ವರ್ಷಕ್ಕೆ ಎಲ್ಲವೂ ಸುಟ್ಟುಹೋಯಿತು. ಆಮೇಲೆ ಸುಮಾರು 250 ವರ್ಷ ಯಾರೂ ಅದನ್ನು ಹಾಡಲಿಲ್ಲ. ಇವತ್ತು ಬಾಸ್ಟನ್ನಿನಲ್ಲಿ, ಬಾಸೆಲ್‌ನಲ್ಲಿ, ಆತನ ಸ್ವಂತ ಊರಿನಲ್ಲೇ ಮತ್ತೆ ಹಾಡುತ್ತಾರೆ. ನಡುವೆ ಏನಾಯ್ತು ಅನ್ನೋದೇ ಈ ಬರಹ.

ಅರಮನೆಯ ಪಿಟೀಲುಗಾರ

ಉತ್ತರ ಇಟಲಿಯಲ್ಲಿ ಮಾಂಟುವಾ ಅಂತ ಒಂದು ಊರು. ಸುತ್ತ ಸರೋವರ, ನಡುವೆ ಕೋಟೆ. ಅಲ್ಲಿ ಆಳುತ್ತಿದ್ದದ್ದು ಗೊಂಜಾಗ ಮನೆತನ. ಕಲೆ ಅಂದ್ರೆ ದುಡ್ಡು ಸುರಿಯೋ ದೊರೆಗಳು. 1587ರಿಂದ 1612ರವರೆಗೆ ಆಳಿದ ಡ್ಯೂಕ್ ವಿಂಚೆಂಜೊ ಕಾಲದಲ್ಲಂತೂ ಅಲ್ಲಿ ಯಾರ್ಯಾರು ಕೆಲಸಕ್ಕಿದ್ದರು ನೋಡಿ: ಚಿತ್ರಕಾರ ರೂಬೆನ್ಸ್ ಇದ್ದ, ಸಂಗೀತಕಾರ ಕ್ಲೌದಿಯೊ ಮೊಂಟೆವೆರ್ಡಿ ಇದ್ದ. ಒಪೆರಾ ಇತಿಹಾಸದಲ್ಲಿ ಮೊದಲ ದೊಡ್ಡ ಕೃತಿ ಅಂತ ಎಲ್ಲರೂ ಒಪ್ಪುವ ಮೊಂಟೆವೆರ್ಡಿಯ ಓರ್ಫೆಯೊ 1607ರಲ್ಲಿ ಪ್ರದರ್ಶನಗೊಂಡಿದ್ದು ಈ ಊರಲ್ಲೇ.

ಅದೇ ಅರಮನೆಯಲ್ಲಿ ರೋಸ್ಸಿಯೂ ಇದ್ದ. ಸುಮಾರು 1570ರಲ್ಲಿ ಹುಟ್ಟಿದವನು. ಮಾಂಟುವಾದ ಹಳೆಯ ಯಹೂದಿ ಮನೆತನ ಅವನದು. ಯಹೂದಿ ಇತಿಹಾಸವನ್ನು ಹೊಸ ಕಣ್ಣಿನಿಂದ ನೋಡಿ ದೊಡ್ಡ ಗದ್ದಲ ಎಬ್ಬಿಸಿದ ವಿದ್ವಾಂಸ ಅಜಾರಿಯಾ ದೇ ರೋಸ್ಸಿಯೂ ಅದೇ ವಂಶದವನು. ಸಾಲಮೋನೆಯ ಮೊದಲ ಪುಸ್ತಕ 1589ರಲ್ಲಿ ಬಂತು. ಮೂರು ಧ್ವನಿಗಳ 19 ಪುಟ್ಟ ಹಾಡುಗಳು. ಆಗ ಅವನಿಗೆ ನಮ್ಮ ಫೈನಲ್ ಇಯರ್‌ನವರಷ್ಟೇ ಅಂದಾಜು ವಯಸ್ಸು. ಅಲ್ಲಿಂದ 1628ರವರೆಗೆ ಸುಮಾರು 40 ವರ್ಷ ಬಿಡದೆ ಬರೆದ. ತಂಗಿಯೋ ಅಕ್ಕನೋ, ಮನೆಯಲ್ಲಿ ಇನ್ನೊಬ್ಬಳು ಕಲಾವಿದೆ ಇದ್ದಳು. ಹಾಡುಗಾರ್ತಿಯಾಗಿ ಅವಳಿಗೆ ಮದಾಮಾ ಯೂರೋಪಾ ಅಂತಲೇ ಹೆಸರಾಗಿತ್ತು.

ಅವನ ಕೆಲಸ ಬರೀ ಸುಶ್ರಾವ್ಯ ಅಂತ ಹೇಳಿ ಬಿಟ್ಟರೆ ಸಾಲದು. ಅದು ಹೊಸದಾಗಿತ್ತು. 1600ರಲ್ಲಿ ಬಂದ ಐದು ಧ್ವನಿಗಳ ಮ್ಯಾಡ್ರಿಗಲ್ ಪುಸ್ತಕದಲ್ಲಿ ಕೆಲವು ಹಾಡುಗಳಿಗೆ ಉದ್ದ ಕುತ್ತಿಗೆಯ ತಂತಿವಾದ್ಯ ಕಿತಾರೋನೆಯ ಜೊತೆಗಾರಿಕೆಯನ್ನೂ ಅಚ್ಚು ಹಾಕಿಸಿದ. 1602ರ ಎರಡನೇ ಪುಸ್ತಕದಲ್ಲಿ ಕೆಳಗಿನ ಬಾಸ್ ಸಾಲನ್ನು ಮಾತ್ರ ಕೊಟ್ಟು, ಉಳಿದದ್ದನ್ನು ನುಡಿಸುವವನೇ ತುಂಬಿಕೊಳ್ಳುವ ಪದ್ಧತಿ. ಮುಂದೆ ನೂರೈವತ್ತು ವರ್ಷ ಯೂರೋಪಿನ ಸಂಗೀತ ನಿಂತದ್ದು ಈ ಪದ್ಧತಿಯ ಮೇಲೆ. ಅದನ್ನು ಮ್ಯಾಡ್ರಿಗಲ್‌ಗೆ ತಂದ ಮೊದಲಿಗರಲ್ಲಿ ಈತ ಒಬ್ಬ. 1607ರಿಂದ ಶುರುಮಾಡಿ ನಾಲ್ಕು ವಾದ್ಯಸಂಗೀತದ ಪುಸ್ತಕ ತಂದ. ಮೇಲೆ ಎರಡು ಪಿಟೀಲು, ಕೆಳಗೆ ಒಂದು ಬಾಸ್ ಅನ್ನೋ ವಿನ್ಯಾಸ ಗಟ್ಟಿಯಾಗಿದ್ದು ಇಂಥ ಪುಸ್ತಕಗಳಿಂದ. ಮುಂದೆ ಟ್ರಯೊ ಸೊನಾಟಾ ಅಂತ ಹೆಸರಾದದ್ದು ಇದೇ.

ಇಷ್ಟೆಲ್ಲ ಇದ್ದರೂ ಪುಸ್ತಕದ ಮುಖಪುಟದಲ್ಲಿ ಹೆಸರಿನ ಜೊತೆ ಎಬ್ರೆಯೊ ಅನ್ನೋ ಪದ ಅಂಟಿಕೊಂಡೇ ಇರುತ್ತಿತ್ತು. ಯಹೂದಿ ಅಂತ ಅರ್ಥ. ಆ ಕಾಲದ ಮಾಂಟುವಾದಲ್ಲಿ ಯಹೂದಿಗಳು ಬಟ್ಟೆ ಮೇಲೆ ಬಣ್ಣದ ಗುರುತು ಹಾಕ್ಕೊಂಡೇ ಓಡಾಡಬೇಕಿತ್ತು. 1606ರಲ್ಲಿ ಡ್ಯೂಕ್ ವಿಂಚೆಂಜೊ ರೋಸ್ಸಿಗೆ ಈ ಗುರುತಿನಿಂದ ವಿನಾಯಿತಿ ಕೊಟ್ಟ. ಡ್ಯೂಕ್ ತೀರಿಕೊಂಡ ಮೇಲೆ, 1612ರಲ್ಲಿ, ಮಗ ಫ್ರಾಂಚೆಸ್ಕೊ ಅದನ್ನು ಮತ್ತೆ ನವೀಕರಿಸಬೇಕಾಯಿತು. ಅಂದ್ರೆ ಅದು ಹಕ್ಕಲ್ಲ, ಒಬ್ಬ ದೊರೆಯ ಕೃಪೆ. ದೊರೆ ಬದಲಾದರೆ ಮತ್ತೆ ಅರ್ಜಿ ಹಾಕಬೇಕು. ಅದೇ ಹೊತ್ತಿಗೆ ಊರಿನ ಯಹೂದಿಗಳನ್ನೆಲ್ಲ ಗೇಟು ಬೀಗ ಇರುವ ಒಂದೇ ಕೇರಿಗೆ, ಘೆಟ್ಟೊಗೆ, ಸೇರಿಸುವ ಕೆಲಸವೂ ಮುಗಿಯಿತು. ಅರಮನೆಯಲ್ಲಿ ಪಿಟೀಲು ನುಡಿಸಿ ಬರುವ ರೋಸ್ಸಿಯ ಜನರ ಬದುಕು ಆ ಗೇಟಿನ ಒಳಗೆ.

ಕ್ರೈಸ್ತ ಗೆಳೆಯರ ಜೊತೆ ಮಾತ್ರ ಅವನು ಸರಿಸಮನಾಗಿಯೇ ಕೆಲಸ ಮಾಡಿದ. 1608ರಲ್ಲಿ ರಾಜಕುಮಾರ ಫ್ರಾಂಚೆಸ್ಕೊನ ಮದುವೆ ಆಯಿತಲ್ಲ, ಆಗ ಆಡಿದ ನಾಟಕವೊಂದಕ್ಕೆ ಮುನ್ನುಡಿಯ ಸಂಗೀತ ಮೊಂಟೆವೆರ್ಡಿಯದು, ಮೊದಲ ಅಂಕದ ನಂತರದ ಭಾಗ ರೋಸ್ಸಿಯದು. 1617ರಲ್ಲಿ ಮದ್ದಲೇನಾಳ ಕತೆಯ ನಾಟಕಕ್ಕೂ ಇಬ್ಬರೂ ಸೇರಿ ಸಂಗೀತ ಕೊಟ್ಟರು. ಕ್ರೈಸ್ತ ಸಂತಳ ನಾಟಕಕ್ಕೆ ಯಹೂದಿಯ ಸಂಗೀತ.

ಹಾಡಬಹುದಾ, ಬೇಡವಾ?

ಈಗ ಕತೆಯ ಮುಖ್ಯ ಭಾಗ. ಅದಕ್ಕೆ ಮುಂಚೆ ಒಂದು ತಾಂತ್ರಿಕ ವಿಷಯ. ನಾವು ಕಾಲೇಜ್ ಡೇಗೆ ಸಮೂಹಗಾನ ಹಾಡಿದರೆ ಹತ್ತು ಜನರೂ ಹಾಡೋದು ಒಂದೇ ಧಾಟಿ. ರೋಸ್ಸಿ ಕಾಲದ ಯೂರೋಪಿನ ಸಮೂಹಗಾನ ಹಾಗಲ್ಲ. ಪ್ರತಿ ಗುಂಪಿಗೂ ಬೇರೆ ಬೇರೆ ಧಾಟಿ. ಎಲ್ಲ ಒಟ್ಟಿಗೆ ಓಡುತ್ತವೆ, ಒಂದಕ್ಕೊಂದು ಹೊಂದಬೇಕು. ನಾಲ್ಕು ಥ್ರೆಡ್ ಪ್ಯಾರಲಲ್ ಆಗಿ ಓಡುತ್ತಾ ಸರಿಯಾದ ಕ್ಷಣಕ್ಕೆ ಸಿಂಕ್ ಆಗೋ ಥರ ಅಂತಿಟ್ಟುಕೊಳ್ಳಿ. ಒಂದು ತಪ್ಪಿದರೆ ಕಿವಿಗೆ ಆ ಕ್ಷಣವೇ ಗೊತ್ತಾಗುತ್ತೆ.

ಚರ್ಚುಗಳಲ್ಲಿ ಇಂಥ ಸಂಗೀತ ಉತ್ತುಂಗದಲ್ಲಿತ್ತು. ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್‌ನಲ್ಲಿ ಇರಲಿಲ್ಲ. ಅಲ್ಲಿ ಒಬ್ಬ ಗಾಯಕ ಪರಂಪರೆಯಿಂದ ಬಂದ ಧಾಟಿಯಲ್ಲಿ ಹೇಳುತ್ತಿದ್ದ, ಸಭೆ ದನಿಗೂಡಿಸುತ್ತಿತ್ತು. ಇದಕ್ಕೆ ಕಾರಣ ಇದೆ. ಕ್ರಿ.ಶ. 70ರಲ್ಲಿ ರೋಮನ್ನರು ಜೆರುಸಲೇಮಿನ ದೇವಾಲಯವನ್ನು ಕೆಡವಿದರು. ಆ ದೇವಾಲಯದಲ್ಲಿ ಲೇವಿ ಕುಲದವರ ಗಾಯನ, ವಾದ್ಯ ಎಲ್ಲ ಇತ್ತು. ಅದು ಹೋದ ಮೇಲೆ ಸೂತಕದ ಗುರುತಾಗಿ ಸಂಭ್ರಮದ ಸಂಗೀತ ಬೇಡ ಅನ್ನೋ ಭಾವನೆ ಬೇರೂರಿತು. ಸಾವಿರದೈನೂರು ವರ್ಷದ ದುಃಖ ಅದು. ಇದನ್ನು ಮೀರುವುದು ಸಣ್ಣ ಮಾತಲ್ಲ. ಮೀರಿದವನನ್ನು ನೋಡಿ, ಚರ್ಚಿನ ನಕಲು ಮಾಡ್ತಿದ್ದಾನೆ ಅನ್ನೋ ಮಾತು ಬೇರೆ.

ಇಲ್ಲಿ ರೋಸ್ಸಿಯ ನೆರವಿಗೆ ಬಂದವನು ವೆನಿಸ್ಸಿನ ರಬ್ಬಿ ಲೆಯೊನೆ ಮೋದೆನಾ. ರಬ್ಬಿ ಅಂದರೆ ಯಹೂದಿ ಧರ್ಮಗುರು. ಈತ ಮಹಾ ವಿದ್ವಾಂಸ, ಒಳ್ಳೆಯ ವಾಗ್ಮಿ, ಜೊತೆಗೆ ಜೂಜಿನ ಚಟದವನು. ಅದನ್ನು ತನ್ನ ಆತ್ಮಕತೆಯಲ್ಲಿ ತಾನೇ ಬರೆದುಕೊಂಡಿದ್ದಾನೆ. 1605ರಲ್ಲಿ ಆತ ಫೆರಾರಾದಲ್ಲಿದ್ದಾಗ ಅಲ್ಲಿನ ಸಿನಗಾಗ್‌ನಲ್ಲಿ ಆರೆಂಟು ಜನ ಸೇರಿ ಹಬ್ಬದ ದಿನ ಹಲವು ಧ್ವನಿಗಳಲ್ಲಿ ಹಾಡತೊಡಗಿದರು. ಒಬ್ಬ ಎದ್ದು ಆಕ್ಷೇಪ ತೆಗೆದ. ಮೋದೆನಾ ಶಾಸ್ತ್ರಗಳನ್ನೆಲ್ಲ ಜಾಲಾಡಿ ಒಂದು ತೀರ್ಮಾನ ಬರೆದ. ಮದುವೆಯಲ್ಲಿ ವಧೂವರರನ್ನು ಖುಷಿಪಡಿಸಲು ಹಾಡಬಹುದು ಅಂತಾದರೆ ದೇವರ ಮುಂದೆ ಹಾಡೋದು ಹೇಗೆ ತಪ್ಪಾಗುತ್ತೆ ಅನ್ನೋದು ಅವನ ವಾದದ ಒಂದು ಎಳೆ. ವೆನಿಸ್ಸಿನ ರಬ್ಬಿಗಳು ಅದಕ್ಕೆ ಸಹಿ ಹಾಕಿದರು. ಈ ಹಳೆ ತೀರ್ಮಾನವನ್ನೇ ಮುಂದೆ ರೋಸ್ಸಿಯ ಪುಸ್ತಕದ ಮೊದಲಲ್ಲಿ ಅಚ್ಚು ಹಾಕಿದರು. ವಿರೋಧ ಬಂದೇ ಬರುತ್ತೆ ಅಂತ ಗೊತ್ತಿದ್ದವರು ಮೊದಲೇ ಎನ್‌ಒಸಿ ಲಗತ್ತಿಸಿಟ್ಟ ಹಾಗೆ.

ಅಚ್ಚಿನ ಮನೆಯ ತಲೆನೋವು

ಪುಸ್ತಕ 1623ರ ಹೊತ್ತಿಗೆ ವೆನಿಸ್ಸಿನ ಬ್ರಗಾದೀನಿ ಮುದ್ರಣಾಲಯದಿಂದ ಹೊರಬಂತು. ಹೆಸರು ಹಾಶಿರಿಮ್ ಅಶೆರ್ ಲಿಶ್ಲೋಮೊ, ಅಂದರೆ ಸೊಲೊಮೋನನ ಹಾಡುಗಳು. ಇದರಲ್ಲೊಂದು ಶ್ಲೇಷೆ ಇದೆ. ಬೈಬಲಿನಲ್ಲಿ ಸೊಲೊಮೋನ ರಾಜನ ಹೆಸರಲ್ಲಿ ಪರಮಗೀತೆ ಅನ್ನೋ ಭಾಗ ಇದೆ. ಇಲ್ಲಿ ಸೊಲೊಮೋನ ಅಂದರೆ ರಾಜನಲ್ಲ, ನಮ್ಮ ಸಾಲಮೋನೆ. ಪರಮಗೀತೆಯ ಒಂದು ಸಾಲೂ ಪುಸ್ತಕದಲ್ಲಿಲ್ಲ. ಇರೋದು ಕೀರ್ತನೆಗಳು, ನಿತ್ಯ ಪ್ರಾರ್ಥನೆಗಳು, ಸ್ತೋತ್ರಗಳು, ಒಂದು ಮದುವೆ ಹಾಡು. ಒಟ್ಟು 33 ರಚನೆ, ಮೂರು ಧ್ವನಿಯಿಂದ ಎಂಟು ಧ್ವನಿಯವರೆಗೆ. ವಾದ್ಯವಿಲ್ಲ, ಬರೀ ಕಂಠ. ಬಾಬಿಲೋನಿಗೆ ಸೆರೆಯಾಳುಗಳಾಗಿ ಹೋದವರ ದುಃಖದ 137ನೇ ಕೀರ್ತನೆಯೂ ಇದರಲ್ಲಿದೆ. ಖರ್ಚಿಗೆ ಆಸರೆಯಾದವನು ಮಾಂಟುವಾದ ಶ್ರೀಮಂತ ಮೋಸೆಸ್ ಸುಲ್ಲಾಮ್. ಪುಸ್ತಕ ಅರ್ಪಿಸಿದ್ದೂ ಅವನಿಗೇ. ಹೀಬ್ರೂ ಕರಡು ತಿದ್ದುವ ಕೆಲಸ ಮೋದೆನಾನದು.

ಅಚ್ಚಿನ ಸಮಸ್ಯೆ ಕೇಳಿದರೆ ನಮ್ಮ ಕಂಪ್ಯೂಟರ್ ಸೈನ್ಸ್ ಗೆಳೆಯರು ನಕ್ಕೇಬಿಡ್ತಾರೆ. ಹೀಬ್ರೂ ಓದೋದು ಬಲದಿಂದ ಎಡಕ್ಕೆ. ಪಾಶ್ಚಾತ್ಯ ಸ್ವರಲಿಪಿ ಓದೋದು ಎಡದಿಂದ ಬಲಕ್ಕೆ. ಎರಡನ್ನೂ ಒಂದೇ ಗೆರೆಯ ಮೇಲೆ ಕೂರಿಸೋದು ಹೇಗೆ? ಅರೇಬಿಕ್ ಅಥವಾ ಉರ್ದು ಪದ ಇಂಗ್ಲಿಷ್ ವಾಕ್ಯದಲ್ಲಿ ಬಂದಾಗ ಕರ್ಸರ್ ಎಲ್ಲೆಲ್ಲೋ ಹಾರೋದನ್ನು ನೋಡಿದವರಿಗೆ ಈ ನೋವು ಗೊತ್ತು. ಇದಕ್ಕಾಗಿಯೇ ಯೂನಿಕೋಡ್‌ನಲ್ಲಿ ಪ್ರತ್ಯೇಕ ಅಲ್ಗಾರಿದಮ್ ಇದೆ. ರೋಸ್ಸಿಯ ಮುಂದೆ ಎರಡು ದಾರಿ ಇತ್ತು. ಒಂದು, ಸ್ವರಗಳನ್ನೇ ತಿರುಗಿಸಿ ಬಲದಿಂದ ಬರೆಯೋದು. ಎರಡು, ಸ್ವರವನ್ನು ಹಾಗೇ ಬಿಟ್ಟು ಮಾತನ್ನು ಅದರ ದಾರಿಗೆ ಹೊಂದಿಸೋದು. ಆತ ಆರಿಸಿದ್ದು ಎರಡನೆಯದು. ಪದಗಳು ಸ್ವರದ ಕೆಳಗೆ ಎಡದಿಂದ ಬಲಕ್ಕೆ ಸಾಲಾಗಿ ಬರುತ್ತವೆ, ಆದರೆ ಪ್ರತಿ ಪದದೊಳಗಿನ ಅಕ್ಷರಗಳು ಮಾತ್ರ ಬಲದಿಂದ ಎಡಕ್ಕೇ. ಲೆಕ್ಕಾಚಾರ ಸರಳ. ಹಾಡುಗಾರರಿಗೆ ಪ್ರಾರ್ಥನೆಯ ಮಾತು ಹೇಗೂ ಬಾಯಿಪಾಠ, ಸ್ವರ ಹೊಸದು. ಹೊಸದನ್ನು ತಿರುಗಿಸಿ ಕೊಟ್ಟರೆ ಎರಡೂ ಕೆಡುತ್ತೆ.

ಇನ್ನೊಂದು ವಿಷಯ. ಆಗ ಎಲ್ಲ ಧ್ವನಿಗಳನ್ನೂ ಒಂದೇ ಪುಟದಲ್ಲಿ ಒಂದರ ಕೆಳಗೊಂದು ತೋರಿಸುವ ಸ್ಕೋರ್ ಅಚ್ಚು ಹಾಕುವ ರೂಢಿ ಇರಲಿಲ್ಲ. ಪ್ರತಿ ಧ್ವನಿಗೂ ಬೇರೆ ಪುಸ್ತಕ. ರೋಸ್ಸಿಯ ಈ ಕೃತಿ ಅಂದರೆ ಎಂಟು ಸಣ್ಣ ಪುಸ್ತಕಗಳ ಕಟ್ಟು. ಎಂಟೂ ಸೇರಿದರೆ ಮಾತ್ರ ಎಲ್ಲ ಹಾಡು ಪೂರ್ತಿ. ಅದರಲ್ಲೊಂದು ಕಳೆದುಹೋದರೆ ಉಳಿದವು ಇದ್ದೂ ಅರ್ಧ. ಬ್ಯಾಕಪ್ ಇಲ್ಲದ ಸಿಸ್ಟಮ್ಮು.

ಪುಸ್ತಕದಲ್ಲಿ ಕಾಪಿರೈಟ್ ಥರದ್ದೂ ಇತ್ತು. 15 ವರ್ಷದವರೆಗೆ ಲೇಖಕನ ಅಥವಾ ಅವನ ವಾರಸುದಾರರ ಒಪ್ಪಿಗೆ ಇಲ್ಲದೆ ಯಾರೂ ಮತ್ತೆ ಅಚ್ಚು ಹಾಕಬಾರದು ಅಂತ ರಬ್ಬಿಗಳ ನಿಷೇಧಾಜ್ಞೆ. ವಿಪರ್ಯಾಸ ನೋಡಿ. ಕದ್ದು ಅಚ್ಚು ಹಾಕಲು ಆಮೇಲೆ ಯಾರೂ ಉಳಿಯಲೇ ಇಲ್ಲ.

1630

1627ರಲ್ಲಿ ಗೊಂಜಾಗ ಮನೆತನದ ನೇರ ವಂಶ ನಿಂತುಹೋಯಿತು. ಸಿಂಹಾಸನ ಯಾರಿಗೆ ಅಂತ ಫ್ರಾನ್ಸ್ ಒಂದು ಕಡೆ, ಚಕ್ರವರ್ತಿಯ ಪಕ್ಷ ಇನ್ನೊಂದು ಕಡೆ. ಯುದ್ಧ ಶುರುವಾಯಿತು. 1628ರಲ್ಲಿ ರೋಸ್ಸಿಯ ಕೊನೆಯ ಪುಸ್ತಕ ಬಂತು, ಎರಡು ಧ್ವನಿಗಳ ಪುಟ್ಟ ಮ್ಯಾಡ್ರಿಗಲ್‌ಗಳು. 1630ರ ಜುಲೈನಲ್ಲಿ ಚಕ್ರವರ್ತಿಯ ಸೈನ್ಯ ಮಾಂಟುವಾದೊಳಗೆ ನುಗ್ಗಿ ದಿನಗಟ್ಟಲೆ ಕೊಳ್ಳೆ ಹೊಡೆಯಿತು. ಘೆಟ್ಟೊ ನಾಶವಾಯಿತು, ಅಲ್ಲಿನ ಯಹೂದಿಗಳನ್ನು ಊರಿಂದಾಚೆ ಓಡಿಸಿದರು. ಜೊತೆಗೆ ಪ್ಲೇಗು. ಅರಮನೆಯ ಸಂಗೀತವೂ ಅಲ್ಲಿಗೆ ಮುಗಿಯಿತು. 1628ರ ಆಚೆಗೆ ಯಾವ ದಾಖಲೆಯಲ್ಲೂ ರೋಸ್ಸಿಯ ಹೆಸರಿಲ್ಲ. ಯುದ್ಧದಲ್ಲೋ ಪ್ಲೇಗಿನಲ್ಲೋ ಆ ಹೊತ್ತಿಗೇ ತೀರಿಕೊಂಡಿರಬೇಕು ಅಂತ ಇತಿಹಾಸಕಾರರು ಹೇಳುತ್ತಾರೆ. ಸಮಾಧಿ ಇಲ್ಲ, ಚಿತ್ರ ಇಲ್ಲ.

ಮಾಂಟುವಾದಿಂದ ತಪ್ಪಿಸಿಕೊಂಡ ಕೆಲವರು ವೆನಿಸ್ ಸೇರಿದರು. ಅಲ್ಲಿನ ಘೆಟ್ಟೊದಲ್ಲಿ ಮೋದೆನಾ ನಡೆಸುತ್ತಿದ್ದ ಸಂಗೀತ ಕೂಟಕ್ಕೆ ಇವರಿಂದ ಸ್ವಲ್ಪ ಕಳೆ ಬಂತು. ಆದರೆ ಅದೇ ಪ್ಲೇಗು ವೆನಿಸ್ಸಿಗೂ ಬಂದು ಕೂಟದ ಬಹಳಷ್ಟು ಜನರನ್ನು ಕೊಂಡೊಯ್ದಿತು. ಸಿನಗಾಗ್‌ಗಳು ಹಳೆ ಧಾಟಿಗೆ ಮರಳಿದವು. ಇಂಥ ಸಮೂಹಗಾನ ಸಿನಗಾಗ್‌ಗಳಲ್ಲಿ ಮತ್ತೆ ಬೇರೂರಿದ್ದು 19ನೇ ಶತಮಾನದಲ್ಲಿ, ವಿಯೆನ್ನಾದ ಸಾಲೊಮನ್ ಸುಲ್ಜರ್ ಮತ್ತು ಬರ್ಲಿನ್ನಿನ ಲೂಯಿ ಲೆವಾಂಡೊವ್ಸ್ಕಿ ಕಾಲದಲ್ಲಿ.

ಮತ್ತೆ ಸಿಕ್ಕಿದ್ದು

ಇನ್ನು ಎರಡನೇ ಜನ್ಮದ ಕತೆ. ಶ್ರೀಮಂತ ರಾತ್‌ಶೀಲ್ಡ್ ಮನೆತನದ ಬ್ಯಾರನ್ ಎಡ್ಮಂಡ್ ಇಟಲಿ ಪ್ರವಾಸದಲ್ಲಿ ಈ ಹಳೆಯ ಪುಸ್ತಕಗಳನ್ನು ಕಂಡು, ಪ್ಯಾರಿಸ್ಸಿನ ಸಿನಗಾಗ್ ಗಾಯಕ ಸ್ಯಾಮುಯೆಲ್ ನೌಂಬುರ್ಗ್‌ಗೆ ತಂದುಕೊಟ್ಟ ಅಂತ ಹೇಳುತ್ತಾರೆ. ನೌಂಬುರ್ಗ್ ಕೂತು ಬಿಡಿ ಬಿಡಿ ಪುಸ್ತಕಗಳಿಂದ ಧ್ವನಿಗಳನ್ನು ತೆಗೆದು, ಒಂದರ ಕೆಳಗೊಂದು ಜೋಡಿಸಿ, ಸ್ಕೋರ್ ಮಾಡಿದ. 33ರಲ್ಲಿ 30 ಹಾಡುಗಳು 1877ರಲ್ಲಿ ಪ್ಯಾರಿಸ್ಸಿನಲ್ಲಿ ಅಚ್ಚಾದವು. ಮ್ಯಾಡ್ರಿಗಲ್‌ಗಳ ಕೆಲಸಕ್ಕೆ ಜೊತೆಯಾದವನು 26 ವಯಸ್ಸಿನ ಹುಡುಗ, ವಿನ್ಸೆಂಟ್ ದ'ಇಂಡಿ. ಮುಂದೆ ಫ್ರಾನ್ಸಿನ ದೊಡ್ಡ ಸಂಗೀತಕಾರನಾದ. ಯಹೂದಿ ವಿರೋಧಿಯೂ ಆದ! ಒಬ್ಬ ಯಹೂದಿಯ ಸಂಗೀತಕ್ಕೆ ಜೀವ ಕೊಟ್ಟ ಕೈಗಳಲ್ಲಿ ಅಂಥವನದೂ ಒಂದು. ಇತಿಹಾಸ ನೀಟಾಗಿ ಇಸ್ತ್ರಿ ಮಾಡಿದ ಬಟ್ಟೆ ಥರ ಇರೋದಿಲ್ಲ.

ನೌಂಬುರ್ಗ್ ಮಾಡಿದ್ದು ದೊಡ್ಡ ಕೆಲಸ. ಆದರೆ ತನ್ನ ಕಾಲದ ಕಿವಿಗೆ ಹಿತವಾಗಲಿ ಅಂತ ಅಲ್ಲಲ್ಲಿ ಲಯ ಬದಲಿಸಿದ, ಜೋರು ಮೆಲ್ಲಗೆ ಅನ್ನೋ ಗುರುತುಗಳನ್ನು ತಾನೇ ಸೇರಿಸಿದ. ಇಲ್ಲಿ ನಮ್ಮಲ್ಲೇ ಎರಡು ಪಕ್ಷ ಆಯ್ತು. ಹಳೆಯದನ್ನು ಇದ್ದ ಹಾಗೇ ಕೊಡಬೇಕು, ಡೇಟಾ ತಿದ್ದಬಾರದು ಅಂತ ಕೆಲವರು. ಹಾಡೋ ಬಾಯಿಗೆ ಒಗ್ಗದಿದ್ದರೆ ಯಾರು ಹಾಡ್ತಾರೆ, ಮ್ಯೂಸಿಯಮ್ಮಲ್ಲಿ ಇಡೋಕಾ ಅಂತ ಇನ್ನು ಕೆಲವರು. ಎರಡಕ್ಕೂ ಜಾಗ ಇದೆ ಅಂತ ಮುಂದಿನ ಕತೆಯೇ ತೋರಿಸುತ್ತೆ. ನೌಂಬುರ್ಗ್‌ನ ಪುಸ್ತಕದಿಂದ ರೋಸ್ಸಿಯ ಹೆಸರು ಉಳಿಯಿತು. ಹೆಸರು ಉಳಿದಿದ್ದರಿಂದಲೇ ಮುಂದಿನವರು ಮೂಲ ಹುಡುಕಿ ಹೊರಟರು. 1967ರಿಂದ ನ್ಯೂಯಾರ್ಕಿನಲ್ಲಿ ಫ್ರಿಟ್ಜ್ ರಿಕ್ಕೊ ಸಂಪಾದಿಸಿದ ಆವೃತ್ತಿ ಬಂತು. ಆಮೇಲೆ ಜೆರುಸಲೇಮಿನ ವಿದ್ವಾಂಸ ಡಾನ್ ಹರಾನ್ ಪಟ್ಟು ಹಿಡಿದು ರೋಸ್ಸಿಯ ಸಮಗ್ರ ಕೃತಿಗಳನ್ನು ಸಂಪಾದಿಸಿದರು. 1999ರಲ್ಲಿ ಅವನ ಬಗ್ಗೆ ಪೂರ್ಣ ಪುಸ್ತಕವನ್ನೂ ಬರೆದರು.

ಹಾಡೋರ ಕೈಗೆ ಸ್ಕೋರ್ ಸಿಕ್ಕ ಮೇಲೂ ಕೆಲಸ ಮುಗಿಯೋದಿಲ್ಲ. ಪದ ಯಾವ ಸ್ವರದ ಕೆಳಗೆ ಅಂತ ಮೂಲದಲ್ಲಿ ಗೊತ್ತಾಗುತ್ತೆ. ಆದರೆ ಪದದೊಳಗಿನ ಯಾವ ಉಚ್ಚಾರವನ್ನು ಯಾವ ಸ್ವರಕ್ಕೆ ಕೂರಿಸಬೇಕು ಅನ್ನೋದನ್ನು ಹಲವು ಕಡೆ ಹಾಡುವವರೇ ತೀರ್ಮಾನಿಸಬೇಕು. ಹೀಬ್ರೂವನ್ನು ಇವತ್ತಿನ ಇಸ್ರೇಲಿನ ರೀತಿ ಉಚ್ಚರಿಸಬೇಕಾ, ಅಂದಿನ ಇಟಲಿಯ ಯಹೂದಿಗಳ ರೀತಿಯಾ? ಅಂದು ಹಾಡಿದವರೆಲ್ಲ ಗಂಡಸರು, ಇಂದು ಹೆಂಗಸರೂ ಸೇರಿ ಹಾಡಬಹುದಾ? ಬಾಸ್ಟನ್ನಿನ ಜಮೀರ್ ಕೊರಾಲ್ ಅನ್ನೋ ವೃಂದವನ್ನು 1969ರಲ್ಲಿ ಕಟ್ಟಿದವರು ಜೋಶುವಾ ಜೇಕಬ್ಸನ್. ಗಂಡಸರು ಹೆಂಗಸರು ಸೇರಿ ಹಾಡುವ ಆ ವೃಂದ ರೋಸ್ಸಿಯನ್ನು ಎಷ್ಟೋ ಸಭೆಗಳಿಗೆ ಒಯ್ದಿತು. ಇನ್ನೊಂದು ತಂಡ ಪ್ರೊಫೆತಿ ದೆಲ್ಲಾ ಕ್ವಿಂತಾ. ಇಸ್ರೇಲಿನ ಗಲಿಲಾಯದಲ್ಲಿ ಹುಟ್ಟಿ ಸ್ವಿಟ್ಜರ್‌ಲೆಂಡಿನ ಬಾಸೆಲ್‌ನಲ್ಲಿ ನೆಲೆನಿಂತ ಗಂಡಸರ ಪುಟ್ಟ ಗಾಯಕ ತಂಡ. ಅವರು ಮಾಂಟುವಾಕ್ಕೇ ಹೋಗಿ ರೋಸ್ಸಿಯನ್ನು ಹಾಡಿದ್ದು ಎಬ್ರೆಯೊ ಅನ್ನೋ ಸಾಕ್ಷ್ಯಚಿತ್ರದಲ್ಲಿ ದಾಖಲಾಗಿದೆ. ಘೆಟ್ಟೊದಿಂದ ಓಡಿಸಿದವನ ಜನರ ಭಾಷೆ, ಅವನದೇ ಸ್ವರ, ಅವನದೇ ಊರಲ್ಲಿ.

ಕೊನೆಗೆ ಒಂದು ಪ್ರಶ್ನೆ ಉಳಿಯುತ್ತೆ. ರೋಸ್ಸಿಯ ಈ ಹಾಡುಗಳಲ್ಲಿ ಸಿನಗಾಗ್‌ನ ಪಾರಂಪರಿಕ ಧಾಟಿಗಳು ಹುಡುಕಿದರೂ ಸಿಗೋದು ಕಷ್ಟ. ಕೇಳಿದರೆ ಪಕ್ಕಾ ಇಟಲಿಯ ಸಂಗೀತ, ಮಾತು ಮಾತ್ರ ಹೀಬ್ರೂ. ಹಾಗಾದ್ರೆ ಇದು ಯಹೂದಿ ಸಂಗೀತ ಹೇಗಾಯ್ತು ಅಂತ ಕೇಳೋರಿದ್ದಾರೆ. ನಮಗನ್ನಿಸೋದು ಇಷ್ಟು: ಹಗಲು ಅರಮನೆಯಲ್ಲಿ ಕಲಿತ, ನುಡಿಸಿದ ವಿದ್ಯೆಯಲ್ಲಿ ಏನು ಅತ್ಯುತ್ತಮವೋ ಅದನ್ನು ಒಬ್ಬ ಮನುಷ್ಯ ತನ್ನ ಕೇರಿಗೆ, ತನ್ನ ಭಾಷೆಗೆ ತಂದುಕೊಟ್ಟ. ಡ್ಯೂಕ್ ಕೇಳಿರಲಿಲ್ಲ, ಸಂಬಳ ಸಿಗುತ್ತಿರಲಿಲ್ಲ, ಬೈಗುಳ ಖಾತ್ರಿ ಇತ್ತು. ಆದರೂ ಮಾಡಿದ. ಮುಖಪುಟದಲ್ಲಿ ಬೇರೆಯವರು ಅಂಟಿಸುತ್ತಿದ್ದ ಎಬ್ರೆಯೊ ಅನ್ನೋ ಪದಕ್ಕೆ ಅವನು ಕೊಟ್ಟ ಉತ್ತರ ಈ 33 ಹಾಡು ಅಂದರೂ ತಪ್ಪಾಗಲಿಕ್ಕಿಲ್ಲ.

ಆಸಕ್ತಿ ಇದ್ದವರು ರೋಸ್ಸಿಯ ಹೆಸರು ಹಾಕಿ ಹುಡುಕಿ, ಸ್ವರಲಿಪಿ ಮತ್ತು ಧ್ವನಿಮುದ್ರಿಕೆ ಎರಡೂ ಸಿಗುತ್ತವೆ. ಒಂದು ಸಲಹೆ: ಮೊದಲ ಸಲ ಪೂರ್ತಿ ಹಾಡು ಕೇಳಿ. ಎರಡನೇ ಸಲ ಕೆಳಗಿನ ಒಂದೇ ಧ್ವನಿಯನ್ನು ಹಿಡಿದುಕೊಂಡು ಕೊನೆವರೆಗೂ ಹೋಗಿ. ಮೂರನೇ ಸಲ ಮೇಲಿನದ್ದು. ಎಂಟು ಬಿಡಿ ಪುಸ್ತಕಗಳು ಒಂದಾಗೋದು ಹೇಗೆ ಅಂತ ಆಗ ಕಿವಿಗೇ ಗೊತ್ತಾಗುತ್ತೆ.